ಹೈದರಾಬಾದ್ ಕಣ್ಣು

ಉದಗೀರದ ನಮ್ಮ ಮನೆಗೆ ಯಾರೇ ಬಂದರೂ ಮೊದಲು ಅಪ್ಪನ ಫೋಟೋ ಸ್ಟುಡಿಯೋಕ್ಕೆ ಕಾಲಿಡಬೇಕಿತ್ತು. ಬೇರೆ ಬಾಗಿಲೇ ಇರಲಿಲ್ಲ. ಸ್ಟುಡಿಯೋ ದಾಟಿದರೆ ಪಡಸಾಲೆ, ಪಡಸಾಲೆ ದಾಟಿದರೆ ಅಡುಗೆಮನೆ, ಅದರ ಹಿಂದೆ ಹಿತ್ತಲು. ಗಿರಾಕಿ ಸ್ಟೂಲಿನ ಮೇಲೆ ಕೂತು ಕತ್ತು ನೆಟ್ಟಗೆ ಮಾಡಿಕೊಂಡಿರುವ ಹೊತ್ತಿಗೆ ನಾನು ಶಾಲೆಯಿಂದ ಬಂದರೆ ಅಪ್ಪನ ಕೆಲಸ ಮುಗಿಯುವವರೆಗೂ ಕಟ್ಟೆಯ ಮೇಲೆ ಕಾಯಬೇಕು. ಒಳಗೆ ಅವ್ವ ಅದೇ ಗಳಿಗೆಗೆ ಬ್ಯಾಳಿಗೆ ಒಗ್ಗರಣೆ ಹಾಕಿದರೆ ಗಿರಾಕಿ ಸೀನುತ್ತಿದ್ದ, ಒಂದು ಫಿಲ್ಮ್ ಹಾಳಾಗುತ್ತಿತ್ತು, ಆ ಜಗಳ ರೊಟ್ಟಿ ತಿಂದು ಕೈ ತೊಳೆಯುವವರೆಗೆ ನಡೆಯುತ್ತಿತ್ತು. ಮೆಟ್ಟಿಲ ಕೆಳಗೆ ಜೋಳದ ಚೀಲ ಇಡುತ್ತಿದ್ದ ಗೂಡನ್ನು ಅಪ್ಪ ಡಾರ್ಕ್‌ರೂಮ್ ಮಾಡಿಕೊಂಡಿದ್ದ. ಫೋಟೋ ತೊಳೆಯುವ ತಗಡಿನ ಟಬ್ಬಿನಲ್ಲೇ ನನಗೂ ಸ್ನಾನ. ನನ್ನ ಬಣ್ಣ ಕಂದಿದ್ದಕ್ಕೆ ಆ ಔಷಧದ ನೀರೇ ಕಾರಣ ಎಂದು ಅಜ್ಜಿ, ಅಂದರೆ ಅಪ್ಪನ ತಾಯಿ, ಕೊನೆಯವರೆಗೂ ನಂಬಿದ್ದಳು.

ಈಗ ಆ ಸ್ಟುಡಿಯೋದಲ್ಲಿ ನಾನು ಕೂರುತ್ತೇನೆ. ಕಾಲೇಜಿನ ಹುಡುಗ ಹುಡುಗಿಯರು ಬಂದು ಮುಖ ದೊಡ್ಡದಾಗಿ ಬರಲಿ, ಹಿಂದಿನದೆಲ್ಲ ಮಸುಕಾಗಲಿ ಎನ್ನುತ್ತಾರೆ. ಹಣೆ ಸ್ವಲ್ಪ ಕತ್ತರಿಸಿದರೂ ಚಿಂತೆಯಿಲ್ಲ ಅವರಿಗೆ. ನಾನು ಹಾಗೆಯೇ ತೆಗೆದು ಕೊಡುತ್ತೇನೆ. ತೆಗೆಯುವಾಗ ಪ್ರತಿ ಸಲವೂ ಹೊಟ್ಟೆಯಲ್ಲಿ ಒಂದು ಸಣ್ಣ ಉರಿ ಏಳುತ್ತದೆ. ಅರವತ್ತರ ಹತ್ತಿರ ಬಂದವಳಿಗೆ ಇದು ಶೋಭೆಯಲ್ಲ, ಗೊತ್ತು. ಆದರೂ ಆ ಉರಿ ಎಲ್ಲಿಂದ ಶುರುವಾಯಿತು ಎಂದು ಬರೆಯದೆ ನನ್ನ ಬಾಲ್ಯದ ಮನೆಯ ಕತೆ ಹೇಳಿದರೆ ಅದು ಸುಳ್ಳಾಗುತ್ತದೆ.

ಆಗಿನ ನಮ್ಮ ಗಿರಾಕಿಗಳಿಗೆ ಇಡೀ ಮೈ ಬೇಕಿತ್ತು. ಬೀರಪ್ಪ ದೇವರ ಒಕ್ಕಲಿನ ಒಬ್ಬ ಕುರಿಗಾರ ರುಮಾಲು ಸುತ್ತಿ, ಕಂಬಳಿ ಹೊದ್ದು ಬಂದಿದ್ದ. ಅಂಥ ಮುಖ ಸಿಕ್ಕಿತೆಂದು ಅಪ್ಪ ಆಸೆಪಟ್ಟು ಎದೆಯವರೆಗಷ್ಟೇ ತೆಗೆದ. ಆತ ಮರುವಾರ ಫೋಟೋ ಹಿಡಿದುಕೊಂಡು ಬಾಗಿಲಲ್ಲಿ ನಿಂತ.

"ಮಾಸ್ತರ, ನನ್ನ ಕಾಲು ಎಲ್ಲಿಟ್ಟೀರಿ? ನಡಕೋತ ಬಂದವನು ನಾ, ಕಾಲಿಲ್ದವನ ಹಂಗ ಕಾಣ್ಲತ್ತೀನಲ್ಲ."

ದೇವಣಿಯ ರೈತನೊಬ್ಬ ತನ್ನ ಹೋರಿಯನ್ನು ಸ್ಟುಡಿಯೋದ ಮುಂದೆ ತಂದು ನಿಲ್ಲಿಸಿ, ನಾಲ್ಕೂ ಕಾಲು, ಎರಡೂ ಕೋಡು, ಬಾಲದ ತುದಿ ಎಲ್ಲ ಬರಬೇಕೆಂದು ಅಪ್ಪನಿಂದ ಭಾಷೆ ತೆಗೆದುಕೊಂಡಿದ್ದ. ಹೆಂಗಸರದು ಇನ್ನೊಂದು ತಕರಾರು. ಕಣ್ಣು ಚೊಕ್ಕಾಗಿ ಬಂದು ಕಿವಿಯ ಬೆಂಡೋಲೆ ಮಸುಕಾದರೆ, ಹಾಗಾದರೆ ಫೋಟೋ ಯಾತಕ್ಕೆ ತೆಗೆಸಬೇಕಿತ್ತು ಎನ್ನುತ್ತಿದ್ದರು. ಬರೀ ಮುಖದ ದೊಡ್ಡ ಫೋಟೋ ಬೇಕಾಗುತ್ತಿದ್ದುದು ಒಂದೇ ಸಂದರ್ಭಕ್ಕೆ. ಮನೆಯಲ್ಲಿ ಯಾರಾದರೂ ತೀರಿಕೊಂಡರೆ ಹಳೆಯ ಮದುವೆಯ ಗ್ರೂಪ್ ಫೋಟೋ ತಂದು, ಅದರಲ್ಲಿ ಮೂರನೆಯ ಸಾಲಿನಲ್ಲಿ ನಿಂತವರನ್ನು ಬೆರಳಿನಿಂದ ತೋರಿಸುತ್ತಿದ್ದರು. ಅಪ್ಪ ಆ ಮುಖವೊಂದನ್ನೇ ಕತ್ತರಿಸಿ, ದೊಡ್ಡದು ಮಾಡಿ, ಪಕ್ಕದವರ ಭುಜವನ್ನು ಕುಂಚದಿಂದ ಅಳಿಸಿ ಕೊಡುತ್ತಿದ್ದ. ಅದಕ್ಕೆ ಹಾರ ಬೀಳುತ್ತಿತ್ತು. ಹೀಗಾಗಿ ನಮ್ಮ ಅಜ್ಜಿಯ ಪ್ರಕಾರ ಬದುಕಿರುವವರ ಮುಖವನ್ನು ಮೈಯಿಂದ ಬೇರೆ ಮಾಡಬಾರದು. ಶಾಲೆಗೆ, ಬ್ಯಾಂಕಿಗೆ ಕೊಡುವ ಪಾಸ್‌ಪೋರ್ಟ್ ಫೋಟೋ? ಅದು ಸರಕಾರದ ಕೆಲಸ, ದೇವರು ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ ಎನ್ನುತ್ತಿದ್ದಳು. ಅಪ್ಪ ನಕ್ಕು ಸುಮ್ಮನಾಗುತ್ತಿದ್ದ. ಅವನು ಇದನ್ನೆಲ್ಲ ನಂಬುವುದಿಲ್ಲ ಎಂದೇ ನಾನು ತಿಳಿದಿದ್ದೆ.

ಕಾಶಿ ನಮ್ಮ ಮನೆಗೆ ಬಂದಾಗ ಅವಳಿಗೆ ಎಂಟು ವರ್ಷ, ನನಗೆ ಹತ್ತು. ಅವ್ವನ ತಂಗಿಯ ಮಗಳು. ಕಾಸಾರಶಿರಸಿಯಲ್ಲಿ ಅವಳ ತಾಯಿ ತೀರಿಕೊಂಡು, ತಂದೆ ಮತ್ತೊಂದು ಮದುವೆಯಾಗಿ, ಸ್ವಲ್ಪ ದಿನ ಇಟ್ಟುಕೊಳ್ಳಿ ಎಂದು ತಂದು ಬಿಟ್ಟು ಹೋದ. ಆ ಸ್ವಲ್ಪ ದಿನ ಅವಳ ಮದುವೆಯವರೆಗೆ ನಡೆಯಿತು. ನನ್ನ ಹಳೆಯ ಫ್ರಾಕುಗಳು ಅವಳಿಗೆ ಹೋದವು, ನನಗಿಂತ ಚೆನ್ನಾಗಿ ಒಪ್ಪಿದವು. ದೊಡ್ಡ ಕಣ್ಣು, ಗಲ್ಲದ ಮೇಲೊಂದು ಮಚ್ಚೆ. ನನಗೋ ಮುಂದಿನ ಹಲ್ಲು ಉಬ್ಬು. ಅವ್ವ ರೊಟ್ಟಿ ಬಡಿಯುವಾಗ ಮೊದಲ ಬಿಸಿ ರೊಟ್ಟಿ ಇಷ್ಟು ದಿನ ನನ್ನ ತಾಟಿಗೆ ಬರುತ್ತಿತ್ತು. ಈಗ ಅದನ್ನು ನಡುವೆ ಮುರಿಯತೊಡಗಿದಳು. ಪುಂಡಿಪಲ್ಲೆ, ಶೇಂಗಾ ಹಿಂಡಿ, ಹಾಲಿನ ಕೆನೆ, ಎಲ್ಲದರಲ್ಲೂ ಎರಡು ಪಾಲು. ಕಾಶಿ ತನ್ನ ಅರ್ಧವನ್ನು ತಲೆ ತಗ್ಗಿಸಿ ತಿನ್ನುತ್ತಿದ್ದಳು. ಅವಳು ಜಗಳಕ್ಕೆ ಬಂದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಅದೇ ವರ್ಷ ಅಪ್ಪ ಹೈದರಾಬಾದಿನಿಂದ ಒಂದು ಹಳೆಯ ಲೆನ್ಸ್ ತಂದ. ಟವೆಲ್ಲಿನಲ್ಲಿ ಸುತ್ತಿ, ಬಸ್ಸಿನಲ್ಲಿ ಮಡಿಲ ಮೇಲೆ ಇಟ್ಟುಕೊಂಡು ಬಂದಿದ್ದ. ಅಂಗೈ ತುಂಬುವಷ್ಟು ದೊಡ್ಡ ಗಾಜು. ಮನೆಯಲ್ಲಿ ಅದಕ್ಕೆ ಹೈದರಾಬಾದ್ ಕಣ್ಣು ಎಂದೇ ಹೆಸರು ಬಿತ್ತು. ಊಟದ ಹೊತ್ತಿಗೆ ಅಪ್ಪ ಅದರ ಗುಣ ವಿವರಿಸಿದ. ಅದರ ಒಳಗಿನ ಬಾಯಿ ಪೂರ್ತಿ ತೆರೆದು ಹತ್ತಿರದಿಂದ ಹಿಡಿದರೆ ಕಣ್ಣಿನ ರೆಪ್ಪೆ ಒಂದೊಂದೂ ಎಣಿಸಬಹುದು. ಮೂಗಿನ ತುದಿಗೇ ಮಸುಕು ಶುರು, ಕಿವಿ ಇನ್ನೂ ಮಸುಕು, ಹಿಂದಿನ ಗೋಡೆ ಇದೆಯೋ ಇಲ್ಲವೋ ತಿಳಿಯುವುದಿಲ್ಲ. ಹಣೆ, ಗದ್ದ ಎರಡನ್ನೂ ಚಿತ್ರದ ಅಂಚಿಗೆ ತಂದು ನಿಲ್ಲಿಸಿದರೆ ನೋಡುವವನು ಬೇರೆ ಕಡೆ ನೋಡುವಂತೆಯೇ ಇಲ್ಲ. ನಾನು ಅನ್ನ ಕಲಸುವುದನ್ನು ಬಿಟ್ಟು ಕೇಳುತ್ತಿದ್ದೆ. ಆ ಕಣ್ಣು ಮೊದಲು ನನ್ನನ್ನೇ ನೋಡಬೇಕು, ಅಪ್ಪ ನನ್ನ ರೆಪ್ಪೆ ಎಣಿಸಬೇಕು ಎಂದು ಅಲ್ಲಿಯೇ ನಿಶ್ಚಯ ಮಾಡಿದೆ. ನಾನು ಬಾಲ್ಯದಲ್ಲಿ ಅಷ್ಟು ಆಸೆಯಿಂದ ಬೇಡಿದ್ದು ಮತ್ತೊಂದಿಲ್ಲ.

ಮರುದಿನ ಮುಖಕ್ಕೆ ಎರಡು ಸಲ ಸಾಬೂನು ಹಚ್ಚಿ, ಪೌಡರ್ ಬಡಿದು, ಎಣ್ಣೆ ಹಾಕಿ ಬಾಚಿಕೊಂಡು ಸ್ಟೂಲಿನ ಮೇಲೆ ಕೂತೆ. ಅಪ್ಪ ಕ್ಯಾಮರಾದ ಹಿಂದೆ ಬಗ್ಗಿದ. ಹಲ್ಲು ಮುಚ್ಚಲು ತುಟಿ ಬಿಗಿಹಿಡಿದಿದ್ದೆ. ಅಪ್ಪ ನಗುತ್ತಾ, "ಹಲ್ಲು ಕಾಣ್ಲಿ ಬಿಡು, ಛಂದ ಅದಾವ" ಎಂದ. ಇಂದಿಗೂ ನೆನಪಿದೆ ಆ ಮಾತು. ಅಷ್ಟರಲ್ಲಿ ಒಳಗಿನಿಂದ ಅಜ್ಜಿ ಕರೆದಳು. ಅಪ್ಪ ಹೋದ, ಸ್ವಲ್ಪ ಹೊತ್ತು ಬರಲಿಲ್ಲ. ಬಂದಾಗ ನನ್ನ ಕಡೆ ಸರಿಯಾಗಿ ನೋಡಲಿಲ್ಲ.

"ನೀ ಏಳವ್ವ. ಕಾಶೀನ್ನ ಕರಿ."

ಕಾಶಿ ಅಡುಗೆಮನೆಯಿಂದ ಅಕ್ಕಿಯ ನುಚ್ಚು ಕೈಯಲ್ಲಿರುವಂತೆಯೇ ಬಂದಳು. ಮುಖ ತೊಳೆದಿರಲಿಲ್ಲ, ತಲೆ ಬಾಚಿರಲಿಲ್ಲ. ನಾನು ಬಿಸಿ ಮಾಡಿಟ್ಟ ಸ್ಟೂಲಿನ ಮೇಲೆ ಕೂತಳು. ನಾನು ಪರದೆಯ ಪಕ್ಕ ನಿಂತು, ಕ್ಯಾಮರಾ ಕೆಟ್ಟು ಹೋಗಲಿ ಎಂದು ನನಗೆ ಗೊತ್ತಿದ್ದ ದೇವರನ್ನೆಲ್ಲ ಬೇಡಿಕೊಂಡೆ.

ಕೆಡಲಿಲ್ಲ. ಆ ಫೋಟೋ ಡಾರ್ಕ್‌ರೂಮಿನಿಂದ ಬಂದಾಗ ಅಪ್ಪ ಅದನ್ನು ಹಿತ್ತಲಿನ ಹಗ್ಗಕ್ಕೆ ಹಾಕಿ, ಒಣಗುವವರೆಗೆ ಅಲ್ಲೇ ಕೂತಿದ್ದ. ಎರಡು ಕಣ್ಣು, ಒಂದು ಮಚ್ಚೆ, ಅಷ್ಟೇ. ನನ್ನ ಫ್ರಾಕಿನ ಕಾಲರ್ ಕೂಡ ಕಾಣುತ್ತಿರಲಿಲ್ಲ. ಅದನ್ನೇ ದೊಡ್ಡದು ಮಾಡಿ ರಸ್ತೆಯ ಕಡೆಗಿನ ಗಾಜಿನ ಶೋಕೇಸಿನಲ್ಲಿ ಇಟ್ಟ. ಬಜಾರಿಗೆ ಹೋಗುವವರು ನಿಂತು ನೋಡುತ್ತಿದ್ದರು. "ಕುಣಾಚಿ ಪೋರಗಿ?" ಎಂದು, ಅಂದರೆ ಯಾರ ಹುಡುಗಿ ಎಂದು, ಮರಾಠಿಯಲ್ಲಿ ಕೇಳಿದರೆ ಅಪ್ಪ, "ಆಮಚೀಚ್" ಎನ್ನುತ್ತಿದ್ದ. ನಮ್ಮವಳೇ ಅಂತೆ. ನಾನು ಕಟ್ಟೆಯ ಮೇಲೆ ಉಬ್ಬು ಹಲ್ಲು ಬಿಟ್ಟುಕೊಂಡು ಅಲ್ಲೇ ಇರುತ್ತಿದ್ದೆ, ನನ್ನನ್ನು ಯಾರೂ ಕೇಳುತ್ತಿರಲಿಲ್ಲ.

ನನ್ನ ಫೋಟೋ ತೆಗೆಯಲೇ ಇಲ್ಲ ಎಂದಲ್ಲ. ಹಬ್ಬಕ್ಕೊಂದು ಸಲ ಹೊಸ್ತಿಲಲ್ಲಿ ನಿಲ್ಲಿಸಿ, ನೆತ್ತಿಯಿಂದ ಕಾಲಿನವರೆಗೆ, ಮೊದಲಿನಿಂದ ಇದ್ದ ಲೆನ್ಸಿನಲ್ಲಿ. ಹಿಂದೆ ಅವ್ವ ನನ್ನ ಹೆಗಲ ಮೇಲೆ ಕೈ ಇಟ್ಟು ನಿಂತಿರುತ್ತಿದ್ದಳು, ಪಕ್ಕದಲ್ಲಿ ಕುರ್ಚಿಯ ಮೇಲೆ ಅಜ್ಜಿ. ಬಾಗಿಲಿನ ತೋರಣದ ಎಲೆ ಎಣಿಸಬಹುದು, ಜಾರಿದ ನನ್ನ ಕಾಲ್ಚೀಲದ ಮಡಿಕೆ ಎಣಿಸಬಹುದು, ಮುಖ ಮಾತ್ರ ಶೇಂಗಾ ಬೀಜದಷ್ಟು. ಆ ಫೋಟೋಗಳಲ್ಲಿ ಕಾಶಿ ಇರುತ್ತಿರಲಿಲ್ಲ. ಬೆಳಕು ನಮ್ಮ ಕಡೆ ತಿರುಗಲೆಂದು ಅವಳು ಅಪ್ಪನ ಬಿಳಿ ಧೋತರವನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ಆಚೆ ನಿಂತಿರುತ್ತಿದ್ದಳು. ಅದು ನನಗೆ ವಿಶೇಷ ಎನಿಸಿರಲಿಲ್ಲ. ನಾನು ಹಲ್ಲು ಕಚ್ಚಿಕೊಂಡು, ಅವಳ ಮುಖ ಅಷ್ಟು ದೊಡ್ಡದು, ನನ್ನದು ಇಷ್ಟು ಸಣ್ಣದು ಎಂದಷ್ಟೇ ಎಣಿಸುತ್ತಿದ್ದೆ.

ದಸರೆಗೆ ನಮ್ಮಲ್ಲಿ ಕ್ಯಾಮರಾಕ್ಕೆ, ಫೋಟೋ ದೊಡ್ಡದು ಮಾಡುವ ಯಂತ್ರಕ್ಕೆ ಚೆಂಡುಹೂವಿನ ಹಾರ ಹಾಕಿ ಪೂಜೆ. ಮರುದಿನ ಬೆಳಿಗ್ಗೆ ಅಪ್ಪ ಒಂದು ಫೋಟೋ ಕೆಲಸಕ್ಕೆ ನಿಲಂಗಾಕ್ಕೆ ಹೋದ. ಅವ್ವ ಹಿತ್ತಲಲ್ಲಿದ್ದಳು, ಅಜ್ಜಿಗೆ ದೂರದ್ದು ಕಾಣುತ್ತಿರಲಿಲ್ಲ. ನಾನು ಯಂತ್ರದ ಮೇಲಿನ ಹಾರ ತೆಗೆದು, ಶೋಕೇಸಿನ ಬಾಗಿಲು ಒಳಗಿನಿಂದ ತೆರೆದು, ಕಾಶಿಯ ಫೋಟೋಕ್ಕೆ ಹಾಕಿದೆ. ಅದರ ಅರ್ಥ ಗೊತ್ತಿಲ್ಲದೆ ಹಾಕಿದೆ ಎಂದು ಬರೆದರೆ ಸುಳ್ಳು. ಸ್ಟುಡಿಯೋದ ಮಗಳು ನಾನು, ಮುಖದ ಫೋಟೋಕ್ಕೆ ಹಾರ ಎಂದರೇನು ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಒಂದು ದಿನದ ಮಟ್ಟಿಗಾದರೂ ಅವಳು ಇಲ್ಲದಂತಾಗಲಿ ಎನಿಸಿತ್ತು.

ಕಾಸಾರಶಿರಸಿಯ ಪಾತ್ರೆ ವ್ಯಾಪಾರಿಯೊಬ್ಬ ಅವತ್ತು ಉದಗೀರದ ಬಜಾರಿಗೆ ಬಂದಿದ್ದ. ಶೋಕೇಸ್ ನೋಡಿದ, ಹುಡುಗಿಯ ಗುರುತು ಹಿಡಿದ, ಸ್ಟುಡಿಯೋದ ಬಾಗಿಲು ಮುಚ್ಚಿದ್ದು ನೋಡಿ ಮನೆಯವರು ಮಣ್ಣಿಗೆ ಹೋಗಿರಬೇಕು ಎಂದುಕೊಂಡ. ಮುಂದಿನ ಬಸ್ಸಿಗೇ ಸುದ್ದಿ ಹೊತ್ತುಕೊಂಡು ಹೋದ. ಸಂಜೆ ನಾವು ಚಹಾ ಕುಡಿಯುತ್ತಿರುವಾಗ ರಸ್ತೆಯಿಂದಲೇ ಗಂಡಸಿನ ಅಳು ಕೇಳಿಸಿತು. ಕಾಶಿಯ ತಂದೆ. ಕಾಲಲ್ಲಿ ಚಪ್ಪಲಿ ಇರಲಿಲ್ಲ, ಹೆಗಲ ಮೇಲಿನ ಟವೆಲ್ ನೆಲ ಗುಡಿಸುತ್ತಿತ್ತು.

"ನನಗೊಂದ ಮಾತ ಹೇಳಿ ಕಳಸ್ಲಿಲ್ಲಲ್ರೀ! ನನ್ನ ಕೂಸಿನ ಮಾರಿ ಸೈತ ನೋಡಗೊಡಲಿಲ್ಲಲ್ರೀ!"

ಕಾಶಿ ಹಿಟ್ಟಿನ ಕೈಯಲ್ಲೇ ಹೊರಗೆ ಬಂದು, "ಅಪ್ಪಾ" ಎಂದಳು. ಅವನು ಕಟ್ಟೆಯ ಮೇಲೆ ಕುಸಿದು ಕೂತ. ಅವಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, ಹಣೆ, ಕಣ್ಣು, ಗಲ್ಲ ಎಲ್ಲವನ್ನೂ ಸವರಿದ. ಅವಳಿಗೆ ಅಷ್ಟು ಹತ್ತಿರ ಹೈದರಾಬಾದ್ ಕಣ್ಣೂ ಹೋಗಿರಲಿಲ್ಲ. ನನಗೆ ಭಯವಾಗಬೇಕಿತ್ತು, ಆಗಿಯೂ ಇತ್ತು. ಆದರೆ ಅದಕ್ಕಿಂತ ಮೊದಲು ಬಂದದ್ದು ಹೊಟ್ಟೆಕಿಚ್ಚು. ನನಗಾಗಿ ಯಾರೂ ಹೀಗೆ ಬರಿಗಾಲಲ್ಲಿ ಓಡಿ ಬಂದಿರಲಿಲ್ಲ. ಇನ್ನು ಇವನು ಮಗಳನ್ನು ಕರೆದುಕೊಂಡು ಹೋಗುತ್ತಾನೆ, ಪೀಡೆ ಕಳೆಯಿತು ಎಂದುಕೊಂಡೆ. ಕಾಶಿಯೂ ಹಾಗೆಯೇ ಅಂದುಕೊಂಡಿದ್ದಳು. ಒಳಗೆ ಹೋಗಿ ತನ್ನ ಬಟ್ಟೆಯ ಚೀಲ ತಂದು ಬಾಗಿಲ ಪಕ್ಕ ನಿಂತಳು. ಅವನು ಚಹಾ ಕುಡಿದ, ಅವ್ವ ಕೊಟ್ಟ ಎರಡು ರೊಟ್ಟಿ ತಿಂದ, ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದ. ಚೀಲ ನೋಡಿದವನೇ ಟವೆಲ್ ಕೊಡವಿದ.

"ಈಗ ಬ್ಯಾಡವ್ವ. ಮನ್ಯಾಗ ಆಕಿಗಿ ದಿನಾ ತುಂಬ್ಯಾವ. ಉಗಾದಿಗಿ ಬಂದು ಒಯ್ತೀನಿ."

ಆ ಉಗಾದಿಗೆ ಬರಲಿಲ್ಲ, ಮುಂದಿನದಕ್ಕೂ ಬರಲಿಲ್ಲ. ಅವನು ಹೋದ ಮೇಲೆ ಅಜ್ಜಿ ಮುಷ್ಟಿಯಲ್ಲಿ ಉಪ್ಪು, ಮೆಣಸಿನಕಾಯಿ ಹಿಡಿದು ದೃಷ್ಟಿ ತೆಗೆಯಲು ಬಂದಳು. ನನ್ನನ್ನು ಕೂಡಿಸಿ ನನಗೆ ನಿವಾಳಿಸಿದಳು, ಕಾಶಿಗಲ್ಲ. ನಾನು ಬೀಗಿದೆ. ಅವ್ವ ಅತ್ತೆಯ ಎದುರು ಮಾತಾಡುವವಳಲ್ಲ. ಒಳಗೆ ಹೋಗಿ ಬೇರೆ ಉಪ್ಪು ತಂದು ಕಾಶಿಗೆ ತಾನೇ ನಿವಾಳಿಸಿದಳು. ಹಾರ ಹಾಕಿದ ತಪ್ಪನ್ನು ಓಣಿಯ ಹುಡುಗರ ತಲೆಗೆ ಕಟ್ಟಲಾಯಿತು. ಅಪ್ಪ ಬಂದು ಶೋಕೇಸಿನ ಒಳಬಾಗಿಲು ನೋಡಿದ, ನನ್ನನ್ನು ನೋಡಿದ, ಏನೂ ಕೇಳಲಿಲ್ಲ. ಕಾಶಿಯ ಫೋಟೋ ಒಳಗಿಟ್ಟ. ಆದರೆ ಹೈದರಾಬಾದ್ ಕಣ್ಣಿನ ಮುಂದೆ ಆಮೇಲೂ ಅವಳನ್ನೇ ಕೂಡಿಸಿದ, ನನ್ನನ್ನು ಒಮ್ಮೆಯೂ ಕರೆಯಲಿಲ್ಲ.

ಅಪ್ಪ ಈಗಿಲ್ಲ. ಎಲ್ಲರ ಫೋಟೋ ತೆಗೆದವನಿಗೆ ತನ್ನೊಬ್ಬನದೇ ಎಂಬ ಒಂದೂ ಫೋಟೋ ಇರಲಿಲ್ಲ. ಯಾರದೋ ಮದುವೆಯ ಗ್ರೂಪಿನಿಂದ ಅವನ ಮುಖ ಕತ್ತರಿಸಿ ನಾನೇ ದೊಡ್ಡದು ಮಾಡಿದೆ. ಕಿವಿಯ ಹತ್ತಿರ ಯಾರದೋ ಬೆರಳು ಉಳಿದಿದೆ, ಎಷ್ಟು ತೆಗೆದರೂ ಹೋಗಲಿಲ್ಲ. ಅಜ್ಜಿಯೂ ಅದೇ ಗೋಡೆಯ ಮೇಲಿದ್ದಾಳೆ. ಕಾಶಿ ದೇವಣಿಗೆ ಲಗ್ನವಾಗಿ ಹೋಗಿ, ದನ ಕಟ್ಟಿ, ಮೊಮ್ಮಗಳನ್ನು ಎತ್ತಿದ್ದಾಳೆ. ಕಳೆದ ದೀಪಾವಳಿಗೆ ಅವ್ವನನ್ನು ನೋಡಲು ಬಂದಳು. ಅವ್ವನಿಗೆ ಎಂಬತ್ತು ದಾಟಿದೆ, ಮಾತು ಕಡಿಮೆ, ನಡಿಗೆ ಗೋಡೆ ಹಿಡಿದು. ಮೂವರೂ ಪಡಸಾಲೆಯಲ್ಲಿ ಹಳೆಯ ಆಲ್ಬಮ್ ಹರವಿಕೊಂಡು ಕೂತಿದ್ದೆವು. ಕಾಶಿಯ ಮುಖಗಳು ಪುಟ ತುಂಬ ಬಂದವು. ನನ್ನ ಬಾಯಿ ತಡೆಯಲಿಲ್ಲ.

"ನಿನ್ನವು ನೋಡು, ಎಷ್ಟ ಅದಾವ. ನನ್ನ ಮಾರಿ ಅಪ್ಪ ಒಂದ ಸಲನೂ ಹತ್ರಲಿಂದ ನೋಡ್ಲಿಲ್ಲ."

"ಅಕ್ಕಾ, ನೀ ಇನ್ನೂ ಅದನ್ನ ಹಿಡಕೊಂಡ ಕೂತೀದಿ?"

"ಹಿಡಕೊಂಡೀನಿ. ಸಾಯೋತನಕ ಹಿಡಕೋತೀನಿ."

ಕಾಶಿ ನಗುತ್ತಾಳೆ ಎಂದುಕೊಂಡಿದ್ದೆ. ನಗಲಿಲ್ಲ.

"ಅವತ್ತ ನಿನಗ ಸ್ಟೂಲ್ ಮ್ಯಾಲ ಕೂಡ್ಸಿದಾಗ ಅಜ್ಜಿ ದೊಡ್ಡಪ್ಪಗ ಒಳಗ ಕರದಳಲ್ಲ, ಏನಂದಳು ಗೊತ್ತೇನು?"

"ಇಲ್ಲ."

"ನಾ ಅಲ್ಲೇ ಅಕ್ಕಿ ಹಸನ ಮಾಡ್ಲತ್ತಿದ್ದೆ. 'ಮನಿ ಮಗಳದು ಬರೀ ಮಾರಿ ತಗೀಬ್ಯಾಡ, ಆಯುಷ್ಯ ಕಡಿಮಿ ಆಗ್ತದ. ತಗೀಲೇಬೇಕು ಅಂದ್ರ ಆ ಹುಡುಗಿದು ತಗೀ' ಅಂದಳು. ದೊಡ್ಡಪ್ಪ ಜರಾ ಹೊತ್ತ ಸುಮ್ಮ ನಿಂತ. ಆಮ್ಯಾಲ ನನ್ನ ಕರಿಯಾಕ ನಿನಗ ಕಳಿಸಿದ."

ಅವ್ವನ ಕಡೆ ನೋಡಿದೆ, ಅವಳು ಆಲ್ಬಮಿನ ಅಂಚು ಸವರುತ್ತಿದ್ದಳು. ಅವಳಿಗೂ ಗೊತ್ತಿತ್ತು.

"ದೊಡ್ಡಪ್ಪ ಕೆಟ್ಟವ ಅಲ್ಲ" ಎಂದಳು ಕಾಶಿ. "ನಿನ್ನ ಸಲುವಾಗಿ ಹೆದರಿದ, ಅಷ್ಟೇ. ನನ್ನ ಸಲುವಾಗಿ ಹೆದರಾಕ ಅಲ್ಲಿ ಯಾರಿದ್ರು? ನೋಡು ಅಕ್ಕ, ನಿನ್ನ ಫೋಟೋದಾಗ ಬಾಗಲಾ ಅದ, ಹೊಸ್ತಲಾ ಅದ, ದೊಡ್ಡವ್ವನ ಕೈ ಅದ. ನನ್ನ ಫೋಟೋದಾಗ ನನ್ನ ಹಿಂದ ಏನದ? ಬರೀ ಮಂಜ. ನೀ ಎಲ್ಲಿ ಬೆಳದೀದಿ ಅಜ್ಜಿ ಅಂತ ಮೊಮ್ಮಗಳು ಕೇಳ್ತಾಳ. ಏನ್ ತೋರಸ್ಲಿ? ನಾನೂ ನಿನ್ನ ಕಾಲ್ಚೀಲ ನೋಡಿ ನೋಡಿ ಹೊಟ್ಟಿಕಿಚ್ಚ ಪಟ್ಟೀನಿ."

ಆಲ್ಬಮಿನ ಪುಟ ತಿರುವಿ ಮತ್ತೆ ಅಂದಳು:

"ಹಾರ ಹಾಕಿದಾಕಿ ನೀನ ಅಂತನೂ ನನಗ ಅವತ್ತೇ ಗೊತ್ತಿತ್ತು. ನಿನ್ನ ಬೆರಳೆಲ್ಲ ಹಳದಿ ಇದ್ದವು."

"ಮತ್ತ ಯಾಕ ಹೇಳ್ಲಿಲ್ಲ?"

"ನಮ್ಮಪ್ಪ ನನ್ನ ಸಲುವಾಗಿ ಓಡಿ ಬಂದದ್ದು ಅದೊಂದ ಸಲ. ಅದಕ್ಕ ಕಾರಣ ಆದಾಕಿ ಮ್ಯಾಲ ಸಿಟ್ಟ ಹ್ಯಾಂಗ ಮಾಡ್ಲಿ?"

ಇಂಥ ಕಡೆ ಅತ್ತು ತಬ್ಬಿಕೊಂಡೆ ಎಂದು ಬರೆಯುವುದು ರೂಢಿ. ನಾನು ಅಳಲಿಲ್ಲ. ಇಷ್ಟು ವರ್ಷ ಗೊತ್ತಿದ್ದೂ ಬಾಯಿ ಬಿಡದೆ ಇದ್ದಳಲ್ಲ, ದೊಡ್ಡತನದಲ್ಲೂ ನನ್ನನ್ನು ಹಿಂದೆ ಹಾಕಿದಳಲ್ಲ ಎಂದು ಹೊಟ್ಟೆ ಉರಿಯಿತು. ಮನುಷ್ಯರ ಗುಣ ಅಷ್ಟು ಸುಲಭಕ್ಕೆ ಹೋಗುವುದಿಲ್ಲ. ಎದ್ದು ಕಪಾಟಿನಿಂದ ಹೈದರಾಬಾದ್ ಕಣ್ಣು ತೆಗೆದು ಒರೆಸಿ, ಈಗಿನ ಕ್ಯಾಮರಾಕ್ಕೆ ಕೂಡಿಸಿದೆ.

"ನಡಿ, ಹೊಸ್ತಲದಾಗ ನಿಲ್ಲು."

ಕಾಶಿ ಸೆರಗು ಸರಿಮಾಡಿಕೊಂಡು, ಚಪ್ಪಲಿ ಬಿಟ್ಟು, ಬರಿಗಾಲಲ್ಲಿ ನಿಂತಳು. ನಾನು ರಸ್ತೆಗಿಳಿದು ಸ್ಟ್ಯಾಂಡ್ ಊರಿದೆ. ಕ್ಯಾಮರಾದಲ್ಲಿ ನೋಡಿದರೆ ಅವಳು ಆ ಮನೆಯಲ್ಲೇ ಹುಟ್ಟಿದವಳ ಹಾಗೆ ನಿಂತಿದ್ದಾಳೆ. ನನ್ನ ಮನೆ, ನನ್ನ ಬಾಗಿಲು. ಲೆನ್ಸಿನ ಬಾಯಿ ತೆರೆದು ಮುಚ್ಚುವ ಬಳೆಯ ಮೇಲೆ ನನ್ನ ಬೆರಳಿತ್ತು. ಹತ್ತಿರ ಹೋಗಿ ಅದನ್ನು ಪೂರ್ತಿ ತೆರೆದರೆ ಸಾಕು, ಬಾಗಿಲು, ತೋರಣ, ಗೋಡೆ ಮತ್ತೊಮ್ಮೆ ಮಂಜಾಗಿ ಹೋಗುತ್ತವೆ, ಅವಳ ಮುಖವೊಂದು ಉಳಿಯುತ್ತದೆ. ಒಂದು ಗಳಿಗೆ ಬೆರಳು ಆ ಕಡೆ ಹೋಯಿತು, ಅದನ್ನು ಒಪ್ಪಿಕೊಳ್ಳುತ್ತೇನೆ. ಆಮೇಲೆ ಬಳೆಯನ್ನು ಈ ಕಡೆ ತಿರುಗಿಸಿದೆ, ಕೊನೆಯ ಅಂಕಿಯವರೆಗೆ. ಅಪ್ಪನ ಕಾಲದಿಂದ ಆ ಕಣ್ಣನ್ನು ಅಷ್ಟು ಕಿರಿದು ಮಾಡಿದವರಿಲ್ಲ. ತೋರಣದ ಎಲೆ, ಗೋಡೆಯ ಬಿರುಕು, ಒಳಗೆ ಸ್ಟುಡಿಯೋದ ಸ್ಟೂಲು, ಕಾಶಿಯ ಕಾಲುಂಗುರ, ಎಲ್ಲವೂ ಒಂದೇ ಸಮ ಚೊಕ್ಕಾದವು.

"ಅವ್ವಾ, ಆಕಿ ಹಿಂದ ಬಂದು ನಿಂದ್ರು" ಎಂದೆ.

ಅವ್ವ ಗೋಡೆ ಹಿಡಿದುಕೊಂಡು ಬಂದಳು. ಕೈ ಇಡು ಎಂದು ಹೇಳಬೇಕೆಂದಿದ್ದೆ, ಹೇಳುವ ಮೊದಲೇ ಕಾಶಿಯ ಹೆಗಲ ಮೇಲೆ ಇಟ್ಟಿದ್ದಳು. ಆದರೆ ಬೆಳಕು ಸಾಲದು, ಇಬ್ಬರ ಮುಖದ ಒಂದು ಬದಿ ಕಪ್ಪಾಗುತ್ತಿತ್ತು. ಒಳಗಿನಿಂದ ಬಿಳಿ ಚಾದರ ತಂದೆ. ಹಿಡಿಯಲು ಮತ್ತೆ ಯಾರಿದ್ದಾರೆ? ಕ್ಯಾಮರಾಕ್ಕೆ ಹತ್ತು ಸೆಕೆಂಡ್ ಟೈಮರ್ ಕೊಟ್ಟು, ಚಾದರವನ್ನು ಎರಡೂ ಕೈಯಲ್ಲಿ ತಲೆಯ ಮೇಲೆ ಎತ್ತಿ, ಚೌಕಟ್ಟಿನ ಆಚೆ ಹೋಗಿ ನಿಂತೆ. ನಾಲ್ಕು ಎಣಿಸುವಷ್ಟರಲ್ಲೇ ರಟ್ಟೆ ಸೋತವು.

"ಅಕ್ಕಾ, ಇನ್ನ ಜರಾ ಮ್ಯಾಲ ಹಿಡಿ" ಎಂದಳು ಕಾಶಿ, ಕತ್ತು ತಿರುಗಿಸದೆ.

ಮೇಲೆ ಹಿಡಿದೆ. ಉಳಿದ ಸೆಕೆಂಡುಗಳಷ್ಟೂ ಅವಳ ಹೆಗಲ ಮೇಲಿದ್ದ ಅವ್ವನ ಕೈಯನ್ನೇ ನೋಡುತ್ತಿದ್ದೆ.